ಆ ಹಳೆ ವಾಲ್ವ್ ಆಂಪ್ಲಿಫೈಯರ್‌ಗಳನ್ನು ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಓದುಗರಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದವರು, ನಾಟಕ ಕಂಪನಿಗಳಿಗೆ ಸೌಂಡ್ ಕೊಟ್ಟವರು, ಟಾಕೀಸು ನಡೆಸಿ ಈಗ ಬಾಗಿಲು ಹಾಕಿದವರು ಖಂಡಿತ ಇದ್ದಾರೆ. ಅವರಿಗೆ ಒಂದು ವಿಷಯ ಮುಟ್ಟಿಸಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಗೋಡೌನಿನಲ್ಲೋ, ಅಟ್ಟದ ಮೇಲೋ, ಪ್ರೊಜೆಕ್ಟರ್ ರೂಮಿನ ಮೂಲೆಯಲ್ಲೋ ಹಳೆ ವಾಲ್ವ್ ಆಂಪ್ಲಿಫೈಯರ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್, ವಾಲ್ವು (ಟ್ರಾನ್ಸಿಸ್ಟರ್ ಬರುವ ಮೊದಲು ಸಿಗ್ನಲ್ ದೊಡ್ಡದು ಮಾಡುತ್ತಿದ್ದ ಗಾಜಿನ ಬುರುಡೆ), ಚಾಸಿಯಿಂದ (ಇವನ್ನೆಲ್ಲ ಕೂರಿಸುವ ಲೋಹದ ಚೌಕಟ್ಟು) ಒಳ್ಳೆ ಗಿಟಾರ್ ಆಂಪ್ಲಿಫೈಯರ್ ಕಟ್ಟಬಹುದು. ಬಳ್ಳಾರಿಯಲ್ಲೇ ಕಟ್ಟಬಹುದು.

ನಾನು ಕೌಲ್ ಬಜಾರಿನಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಅಪ್ಪನೂ ಇದೇ ಕೆಲಸ ಮಾಡುತ್ತಿದ್ದರು. ಬಳ್ಳಾರಿ ರಾಘವರ ಊರು ಇದು, ನಾಟಕ ಕಂಪನಿ ಕ್ಯಾಂಪ್ ಹಾಕಿದರೆ ಸುತ್ತಲಿನ ಹಳ್ಳಿಯವರೆಲ್ಲ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಅಂಥ ಕ್ಯಾಂಪುಗಳಿಗೆ ಅಪ್ಪ ಮೈಕ್ ಸೆಟ್ ಕೊಡುತ್ತಿದ್ದರು. ಕಬ್ಬಿಣದ ಪೆಟ್ಟಿಗೆ, ಒಳಗೆ ಕೆಂಪಗೆ ಉರಿಯುವ ನಾಲ್ಕೈದು ವಾಲ್ವು, ಹೊರಗೆ ಮರಕ್ಕೆ ಕಟ್ಟಿದ ಎರಡು ಹಾರ್ನು. ಕಾಲಿನ ಹಾರ್ಮೋನಿಯಂ ಎಷ್ಟೇ ಜೋರಾಗಿ ನುಡಿದರೂ ನಟನ ಮಾತು ಒಡೆಯಬಾರದು. ಅಪ್ಪನ ಹೆಚ್ಚುಗಾರಿಕೆ ಅದರಲ್ಲೇ ಇತ್ತು.

ಎರಡು ವರ್ಷದ ಹಿಂದೆ ಸಿರುಗುಪ್ಪ ರಸ್ತೆಯ ಒಂದು ಗುಜರಿ ಅಂಗಡಿಗೆ ಚಾಸಿ ಹುಡುಕಿಕೊಂಡು ಹೋಗಿದ್ದೆ. ಅಲ್ಲಿ ಒಬ್ಬ ಹುಡುಗ ಯಾವುದೋ ಟಾಕೀಸಿನಿಂದ ಬಂದ ಆಂಪ್ಲಿಫೈಯರನ್ನು ನೆಲಕ್ಕೆ ಹಾಕಿ ಟ್ರಾನ್ಸ್‌ಫಾರ್ಮರಿಗೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ಸ್ಟ್ಯಾಂಪಿಂಗ್ ತಗಡುಗಳು ಚೆಲ್ಲಾಪಿಲ್ಲಿಯಾಗಿದ್ದವು. ಮಧ್ಯದ ಬಾಬಿನ್ ಒಡೆದು ಎನಾಮಲ್ ತಂತಿ ಎಳೆಯುತ್ತಿದ್ದ. ವಾಲ್ವುಗಳು ಆಗಲೇ ಪುಡಿಯಾಗಿದ್ದವು. "ಅಣ್ಣಾ, ತಾಮ್ರಕ್ಕೆ ಮಾತ್ರ ರೇಟು, ಗಾಜಿಗೆ ಏನಿಲ್ಲ" ಅಂದ. ಅವನದೇನು ತಪ್ಪು? ಅವನಿಗೆ ಯಾರೂ ಹೇಳಿಲ್ಲ. ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆ ಬಡಿಸಿಕೊಳ್ಳಲು ಕಾದಿತ್ತು. ಅದನ್ನು ತೂಕದ ಲೆಕ್ಕದಲ್ಲೇ ಕೊಂಡು ತಂದೆ. ಅವನು ಒಡೆದು ಹಾಕಿದ್ದು ಎಂಥ ಸಾಮಾನು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇವತ್ತು ಅಮೆರಿಕ, ಇಂಗ್ಲೆಂಡುಗಳಲ್ಲಿ ಬೊಟಿಕ್ ಆಂಪ್ ಅಂತ ಒಂದು ದಂಧೆ ಇದೆ. ಒಬ್ಬರೋ ನಾಲ್ಕು ಜನರೋ ಸೇರಿದ ಚಿಕ್ಕ ವರ್ಕ್‌ಶಾಪು. 1950, 60ರ ದಶಕದ ಗಿಟಾರ್ ಆಂಪ್ಲಿಫೈಯರ್‌ಗಳ ಸರ್ಕ್ಯೂಟ್ ಹಿಡಿದುಕೊಂಡು, ಒಂದೊಂದೇ ತಂತಿ ಕೈಯಲ್ಲಿ ಸೋಲ್ಡರ್ ಮಾಡಿ ಕಟ್ಟುತ್ತಾರೆ. ಒಂದಕ್ಕೆ ನಮ್ಮ ದುಡ್ಡಿನಲ್ಲಿ ಎರಡು, ಮೂರು ಲಕ್ಷ ಕೊಟ್ಟು ಕೊಳ್ಳುವವರಿದ್ದಾರೆ. ಮ್ಯಾಚ್‌ಲೆಸ್ ಅನ್ನುವ ಕಂಪನಿ 1989ರಲ್ಲಿ ಶುರುವಾಗಿ ಹೆಸರು ಮಾಡಿದ್ದು ಇಂಗ್ಲೆಂಡಿನ ವಾಕ್ಸ್ ಎಸಿ30 ಅನ್ನುವ ಹಳೆ ಆಂಪಿನ ದಾರಿಯಲ್ಲಿ ನಡೆದು. ಕೆನ್ ಫಿಷರ್ ಅನ್ನುವವರು ಟ್ರೈನ್‌ರೆಕ್ ಹೆಸರಿನಲ್ಲಿ ಕಟ್ಟುತ್ತಿದ್ದ ಆಂಪ್‌ಗಳಿಗೆ ಸೀರಿಯಲ್ ನಂಬರ್ ಬದಲು ಹೆಣ್ಣುಮಕ್ಕಳ ಹೆಸರಿಡುತ್ತಿದ್ದರು. 2022ರಲ್ಲಿ ತೀರಿಕೊಂಡ ಅಲೆಕ್ಸಾಂಡರ್ ಡಂಬಲ್ ಅವರ ಆಂಪ್‌ಗಳಂತೂ ಮನೆ ಕೊಳ್ಳುವ ರೇಟಿಗೆ ಹೋಗುತ್ತವೆ. ಅವರು ತಮ್ಮ ಸರ್ಕ್ಯೂಟ್ ಯಾರಿಗೂ ಕಾಣದ ಹಾಗೆ ಎಪಾಕ್ಸಿ ಸುರಿದು ಮುಚ್ಚುತ್ತಿದ್ದರು. ಅವರ ಕೈಕೆಲಸಕ್ಕೆ ಕೈ ಮುಗಿಯುತ್ತೇನೆ. ಮುಚ್ಚಿಟ್ಟಿದ್ದು ಮಾತ್ರ ನನಗೆ ಸೇರುವುದಿಲ್ಲ. ರಿಪೇರಿ ಮಾಡುವವನ ಮುಂದೆ ಸರ್ಕ್ಯೂಟ್ ತೆರೆದಿರಬೇಕು.

ಇವರೆಲ್ಲರ ಮೂಲ ಹುಡುಕುತ್ತಾ ಹೋದರೆ ನಿಲ್ಲುವುದು ನನ್ನಂಥದೇ ಒಂದು ಅಂಗಡಿಯಲ್ಲಿ. ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ರಿಪೇರಿಗೆ ಬರುತ್ತಿದ್ದ ವಾದ್ಯಗಾರರ ದೂರು ಕೇಳಿ ಕೇಳಿ ಆಂಪ್ಲಿಫೈಯರ್ ಕಟ್ಟಿದರು. ಅವರ ಹಳೆ ಆಂಪ್‌ಗಳ ಮೇಲೆ ಸೂಟ್‌ಕೇಸಿಗೆ ಹಾಕುವ ಟ್ವೀಡ್ ಬಟ್ಟೆ ಅಂಟಿಸಿರುತ್ತಿತ್ತು. ಅದರಿಂದಲೇ ಅವನ್ನು ಈಗಲೂ ಟ್ವೀಡ್ ಆಂಪ್ ಅಂತಾರೆ. ಅದರಲ್ಲಿ ಬಾಸ್‌ಮನ್ ಅಂತ ಒಂದು ಮಾಡೆಲ್. 10 ಇಂಚಿನ ನಾಲ್ಕು ಸ್ಪೀಕರ್, 5ಎಫ್6-ಎ ಸರ್ಕ್ಯೂಟ್. ಮಾಡಿದ್ದು ಬಾಸ್ ಗಿಟಾರಿಗೆ, ಮುಗಿಬಿದ್ದು ಕೊಂಡವರು ಮಾಮೂಲಿ ಗಿಟಾರಿನವರು.

ಈ ಪತ್ರದ ಜೀವಾಳ ಇರುವುದು ಮುಂದಿನ ಸಂಗತಿಯಲ್ಲಿ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅವರದು ಡ್ರಮ್ಮಿನ ಅಂಗಡಿ. ಅಮೆರಿಕದ ಆಂಪ್ ತರಿಸಿದರೆ ಅಲ್ಲಿನ ಹುಡುಗರಿಗೆ ಕೈಗೆಟುಕದಷ್ಟು ದುಬಾರಿ. 1962ರಲ್ಲಿ ಅಂಗಡಿಯ ರಿಪೇರಿಯವರಾದ ಕೆನ್ ಬ್ರಾನ್, ಜೊತೆಗೆ ಡಡ್ಲಿ ಕ್ರೇವನ್ ಅನ್ನುವ ಹುಡುಗ, ಬಾಸ್‌ಮನ್ ಸರ್ಕ್ಯೂಟನ್ನೇ ಎದುರಿಗಿಟ್ಟುಕೊಂಡು ಜೆಟಿಎಂ45 ಅನ್ನುವ ಆಂಪ್ ಕಟ್ಟಿದರು. ಸರ್ಕ್ಯೂಟ್ ಹೆಚ್ಚುಕಡಿಮೆ ಅದೇ. ಸಾಮಾನು ಮಾತ್ರ ಇಂಗ್ಲೆಂಡಿನಲ್ಲಿ ಸಿಕ್ಕಿದ್ದು. ಟ್ರಾನ್ಸ್‌ಫಾರ್ಮರ್ ಅಲ್ಲಿಯದು. ಮೊದಲ ವಾಲ್ವು 12ಎವೈ7 ಬದಲು ಇಸಿಸಿ83. ಸ್ಪೀಕರು 12 ಇಂಚಿನ ಸೆಲೆಶನ್, ಅದನ್ನು ಹಿಂದೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಅಷ್ಟರಿಂದಲೇ ಸದ್ದು ಬೇರೆಯಾಯಿತು. ಆಮೇಲೆ ಜಗತ್ತೆಲ್ಲ ಮಾರ್ಷಲ್ ಸದ್ದು ಅಂತ ಗುರುತಿಸಿದ್ದು ಅದನ್ನೇ. ಊರಲ್ಲಿ ಸಿಗುವ ಸಾಮಾನಿನಲ್ಲಿ ಕಟ್ಟಿದ್ದಕ್ಕೆ ಆ ಊರಿನ ದನಿ ಬಂತು. ನಾವೂ ಹಾಗೇ ಮಾಡಬಹುದು, ಅಲ್ವಾ?

ನಮ್ಮ ಹತ್ತಿರ ಏನಿದೆ ಅಂತ ಕೇಳಬಹುದು. ಜಾಸ್ತಿಯೇ ಇದೆ. ವಾಕ್ಸ್ ಎಸಿ30ರಲ್ಲಿ ಸದ್ದು ಹೊರಡಿಸುವ ವಾಲ್ವು ಇಎಲ್84, ಒಂದು ಆಂಪಿಗೆ ನಾಲ್ಕು. ಅದೇ ಇಎಲ್84 ನಮ್ಮ ಅಜ್ಜಂದಿರು ಧಾರವಾಡ ಆಕಾಶವಾಣಿ ಕೇಳುತ್ತಿದ್ದ ಎಷ್ಟೋ ವಾಲ್ವ್ ರೇಡಿಯೊಗಳಲ್ಲಿ ಕೂತಿತ್ತು. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು. ಬಿಇಎಲ್ ಮುದ್ರೆಯ ಆ ವಾಲ್ವುಗಳನ್ನು ಈಗ ಹೊರದೇಶದವರು ಹುಡುಕಿ ಕೊಳ್ಳುತ್ತಾರೆ. ಇವತ್ತು ಗಿಟಾರ್ ಆಂಪಿಗೆ ಹೊಸ ವಾಲ್ವು ಬರುವುದು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದ ಮೇಲೆ ರೇಟು ಎಷ್ಟು ಏರಿತು ಅಂತ ಕೊಂಡವರಿಗೆ ಗೊತ್ತು. ಹೀಗಿರುವಾಗ ನಮ್ಮಲ್ಲಿ ಗಾಜಿಗೆ ಏನಿಲ್ಲ ಅಂತ ಒಡೆಯುತ್ತಿದ್ದೇವೆ.

ಟಾಕೀಸಿನ ಆಂಪ್ಲಿಫೈಯರ್ ಅಂದರೆ ಇನ್ನೂ ಒಂದು ಕೈ ಮೇಲು. ಫಿಲ್ಮಿನ ಅಂಚಿನಲ್ಲಿ ಧ್ವನಿಯ ಪಟ್ಟಿ ಇರುತ್ತಿತ್ತು. ಎಕ್ಸೈಟರ್ ಲ್ಯಾಂಪಿನ ಬೆಳಕು ಅದರ ಮೂಲಕ ಹಾದು ಫೋಟೊಸೆಲ್ ಮೇಲೆ ಬೀಳಬೇಕು. ಅಲ್ಲಿ ಹುಟ್ಟುವ ಸಿಗ್ನಲ್ ತೀರಾ ಚಿಕ್ಕದು. ಅದನ್ನು ಹಮ್ ಬರದ ಹಾಗೆ ದೊಡ್ಡದು ಮಾಡಿ ಇಡೀ ಹಾಲಿಗೆ ಕೇಳಿಸಬೇಕು. ಗಿಟಾರಿನ ತಂತಿಯ ಅಲುಗಾಟ ಹಿಡಿಯುವ ಪಿಕಪ್ಪೂ ಹೀಗೇ, ಮಿಲಿವೋಲ್ಟ್ ಲೆಕ್ಕದ ಸಿಗ್ನಲ್. ಅಮೆರಿಕದಲ್ಲಿ ಬೆಲ್ ಅಂಡ್ ಹೊವೆಲ್ ಪ್ರೊಜೆಕ್ಟರಿನ ಆಂಪ್‌ಗಳನ್ನು, ಬೋಜೆನ್ ಕಂಪನಿಯ ಮೈಕ್ ಸೆಟ್ಟುಗಳನ್ನು ಗಿಟಾರಿಗೆ ತಿರುಗಿಸಿಕೊಳ್ಳುವವರು ಬಹಳ ಜನ ಇದ್ದಾರೆ. ನಾನು ಹೇಳುತ್ತಿರುವುದು ಹೊಸ ಹುಚ್ಚೇನಲ್ಲ.

ವಾಲ್ವಿನಲ್ಲಿ ಅಂಥದ್ದೇನಿದೆ ಅಂತ ನನ್ನ ಮಗಳೂ ಕೇಳಿದ್ದಳು. ಅಪ್ಪನ ಮೈಕ್ ಸೆಟ್ಟಿಗೆ ಸದ್ದು ಒಡೆಯುವುದು ಅಂದರೆ ಸೋಲು. ಗಿಟಾರಿನವನಿಗೆ ಬೇಕಾದದ್ದೇ ಆ ಒಡೆಯುವ ಅಂಚು. ಟ್ರಾನ್ಸಿಸ್ಟರ್ ತನ್ನ ಮಿತಿ ಮುಟ್ಟಿದಾಗ ಸಿಗ್ನಲ್ಲಿನ ತಲೆಯನ್ನು ಕತ್ತರಿಸಿ ಹಾಕಿದ ಹಾಗೆ ಆಗುತ್ತದೆ, ಕಿವಿಗೆ ಚುಚ್ಚುತ್ತದೆ. ವಾಲ್ವು ಮಿತಿಗೆ ಬರುತ್ತಾ ಬರುತ್ತಾ ನಿಧಾನವಾಗಿ ಬಗ್ಗುತ್ತದೆ. ಅದರ ಜೊತೆಗೆ, ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವಿನದೊಂದು ಗುಣ. ತಂತಿಯನ್ನು ಜೋರಾಗಿ ಮೀಟಿದಾಗ ಆಂಪು ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ. ವಾಲ್ವುಗಳಿಗೆ ಹೋಗುವ ಹೈ ವೋಲ್ಟೇಜು ಕುಸಿಯುತ್ತದೆ. ಆಮೇಲೆ ಮೆಲ್ಲಗೆ ಮೇಲೇಳುತ್ತದೆ. ಸ್ವರ ಮೊದಲು ಅದುಮಿ, ನಂತರ ಅರಳಿದ ಹಾಗೆ ಕೇಳುತ್ತದೆ. ಮೈಕ್ ಸೆಟ್ಟಿಗೆ ಇದು ದೋಷ. ಅದೇ ಗುಣಕ್ಕಾಗಿ ಬೊಟಿಕ್ ಆಂಪಿನವರು ಇಂದಿಗೂ ಡಯೋಡ್ ಬಿಟ್ಟು ರೆಕ್ಟಿಫೈಯರ್ ವಾಲ್ವ್ ಹಾಕುತ್ತಾರೆ.

ನಮ್ಮ ಓಣಿಯ ಚರ್ಚಿನಲ್ಲಿ ಗಿಟಾರ್ ನುಡಿಸುವ ಒಬ್ಬ ಹುಡುಗ ಇದ್ದಾನೆ. ವಾರದ ದಿನಗಳಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ. ಫೋನಿನಲ್ಲಿ ಬೊಟಿಕ್ ಆಂಪುಗಳನ್ನು ನೋಡಿ ನೋಡಿ ಆಸೆಪಟ್ಟವನು. ಗುಜರಿಯಿಂದ ತಂದ ಆ ಟಾಕೀಸಿನ ಪೆಟ್ಟಿಗೆ ನನ್ನ ಟೇಬಲ್ ಮೇಲಿದ್ದಾಗ ಬಂದು, "ಅಂಕಲ್, ಇದರಲ್ಲಿ ನಂಗೊಂದು ಮಾಡಿಕೊಡ್ತೀರಾ?" ಅಂದ. "ಮಾಡಿಕೊಡಲ್ಲ, ಮಾಡೋಣ, ನೀನೂ ಕೂತ್ಕೋ" ಅಂದೆ.

ಚಿಕ್ಕದನ್ನೇ ಆರಿಸಿದೆವು. ಫೆಂಡರ್ ಚಾಂಪ್ ಅನ್ನುವ 5 ವ್ಯಾಟಿನ ಹಳೆ ಆಂಪಿನ ದಾರಿ. ಅದರಲ್ಲಿ 12ಎಎಕ್ಸ್7, 6ವಿ6, 5ವೈ3 ಅಂತ ಮೂರೇ ವಾಲ್ವು. 12ಎಎಕ್ಸ್7 ಅಂದರೆ ಯುರೋಪಿನ ಇಸಿಸಿ83, ಎರಡೂ ಒಂದೇ. ಅದು ಟಾಕೀಸಿನ ಪೆಟ್ಟಿಗೆಯಲ್ಲೇ ಸಿಕ್ಕಿತು. 6ವಿ6 ಬದಲು ಇಎಲ್84 ಹಾಕಿದೆವು. ಪವರ್ ಟ್ರಾನ್ಸ್‌ಫಾರ್ಮರು, ರೆಕ್ಟಿಫೈಯರ್ ವಾಲ್ವು ಒಂದು ಕೆಟ್ಟ ರೇಡಿಯೊದಿಂದ ಬಂದವು. ಕಂಡೆನ್ಸರ್‌ಗಳನ್ನು (ಚಾರ್ಜ್ ಹಿಡಿದಿಡುವ ಬಿಡಿಭಾಗ) ಮಾತ್ರ ಎಲ್ಲಾ ಹೊಸದಾಗಿ ತಂದೆವು. ಅದರಲ್ಲಿ ಜಿಪುಣತನ ಮಾಡಬಾರದು.

ಉಳಿದದ್ದು ವಾಲ್ವಿನ ಸಿಗ್ನಲನ್ನು ಸ್ಪೀಕರಿಗೆ ಹೊಂದಿಸಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಗಿಟಾರ್ ಆಂಪಿನ ದನಿಯಲ್ಲಿ ಅರ್ಧ ಪಾಲು ಅದರದೇ ಅಂತ ನಾನು ನಂಬುತ್ತೇನೆ. ಒಂಟಿ ಇಎಲ್84ಕ್ಕೆ ಬೇಕಾದ ಲೋಡು ಸುಮಾರು 5,000 ಓಮ್. ಸ್ಪೀಕರು 8 ಓಮ್. 5,000ವನ್ನು 8ರಿಂದ ಭಾಗಿಸಿದರೆ 625, ಅದರ ವರ್ಗಮೂಲ 25. ಅಂದರೆ ಸೆಕೆಂಡರಿಯ (ಸ್ಪೀಕರ್ ಕಡೆಯ ಸುರುಳಿ) ಒಂದು ಸುತ್ತಿಗೆ ಪ್ರೈಮರಿ (ವಾಲ್ವಿನ ಕಡೆಯ ಸುರುಳಿ) 25 ಸುತ್ತು. ಈ ಲೆಕ್ಕ ಹೈಸ್ಕೂಲು ಹುಡುಗನಿಗೂ ಬರುತ್ತದೆ. ಸುತ್ತಲು ಬೋರ್‌ವೆಲ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿಗೆ ಹೋದೆವು. ಬಳ್ಳಾರಿಯಲ್ಲಿ ಅಂಥ ಅಂಗಡಿಗಳಿಗೆ ಬರವಿಲ್ಲ, ಕೈಯೂ ಪಳಗಿದೆ. ಪ್ರೈಮರಿ ಸ್ವಲ್ಪ, ಸೆಕೆಂಡರಿ ಸ್ವಲ್ಪ, ಮತ್ತೆ ಪ್ರೈಮರಿ ಅಂತ ಪದರ ಪದರವಾಗಿ ಸುತ್ತಿ, ನಡುವೆ ಪೇಪರ್ ಇಟ್ಟು ಕೊಟ್ಟರು. ಸ್ಟ್ಯಾಂಪಿಂಗ್ ತುಂಬುವಾಗ ಅಲ್ಲಿನ ಹುಡುಗ ಇಂಗ್ಲಿಷಿನ ಇ ಮತ್ತು ಐ ಅಕ್ಷರದ ಆಕಾರದ ತಗಡುಗಳನ್ನು ಒಂದು ಆ ಕಡೆ, ಒಂದು ಈ ಕಡೆ ಅಂತ ಹೆಣೆಯತೊಡಗಿದ. ಮಾಮೂಲಿ ಟ್ರಾನ್ಸ್‌ಫಾರ್ಮರಿಗೆ ಅದೇ ಸರಿ. ಇಲ್ಲಿ ಒಂದೇ ವಾಲ್ವಿನ ಡಿಸಿ ಕರೆಂಟು ಯಾವಾಗಲೂ ಪ್ರೈಮರಿಯಲ್ಲಿ ಹರಿಯುತ್ತಿರುತ್ತದೆ. ಹೆಣೆದುಬಿಟ್ಟರೆ ಕೋರಿನಲ್ಲಿ (ತಗಡುಗಳ ಕಟ್ಟು) ಕಾಂತಶಕ್ತಿ ತುಂಬಿಹೋಗಿ ಸದ್ದು ಸೊರಗುತ್ತದೆ, ಮಂದ್ರದ ತೂಕ ಹೋಗುತ್ತದೆ. ಅದಕ್ಕೆ ಇ ಎಲ್ಲಾ ಒಂದು ಕಡೆ, ಐ ಎಲ್ಲಾ ಇನ್ನೊಂದು ಕಡೆ ಹಾಕಿ, ನಡುವೆ ತೆಳ್ಳನೆ ಕಾಗದದಷ್ಟು ಗ್ಯಾಪ್ ಬಿಡಬೇಕು. ಹೇಳಿಕೊಟ್ಟೆವು. ವೈಂಡಿಂಗ್ ಮೇಸ್ತ್ರಿ ತಾನೇ ಕೂತು ಕಾಗದ ಕತ್ತರಿಸಿ, ಬಿಗಿದು, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ ಕೊಟ್ಟರು. ಕಟ್ಟಿ ಮುಗಿದ ಮೇಲೆ ಸದ್ದು ಕೇಳಲು ಅಂಗಡಿಗೂ ಬಂದರು.

ಪೆಟ್ಟಿಗೆ ಹಳೆ ಬಾಗಿಲಿನ ತೇಗದ್ದು. ಮೇಲೆ ಏನು ಅಂಟಿಸುವುದು ಅಂತ ಕೇಳಬೇಕಾಗಿರಲಿಲ್ಲ. ಫೆಂಡರ್‌ಗೆ ಟ್ವೀಡ್ ಸಿಕ್ಕಿದ ಹಾಗೆ ಬಳ್ಳಾರಿಗೆ ಡೆನಿಮ್ ಇದೆ. ಹುಡುಗ ತನ್ನ ಯೂನಿಟ್ಟಿನಿಂದ ದಪ್ಪ ಕಡುನೀಲಿ ತುಂಡು ಕೊಂಡು ತಂದ. ಮೂಲೆಗಳಲ್ಲಿ ಎರಡೆರಡು ಎಳೆ ಹಳದಿ ಹೊಲಿಗೆ ಹಾಕಿಸಿದ. ನೋಡಿದವರೆಲ್ಲ ಕೈ ಸವರಿ ನೋಡುತ್ತಾರೆ.

ನುಡಿಸಿ ನೋಡಿ ಅವನು ಹೇಳಿದ ಮಾತು ಇಷ್ಟು: "ಅಂಕಲ್, ಮೆಲ್ಲಗೆ ಮೀಟಿದ್ರೆ ತಿಳಿಯಾಗಿರುತ್ತೆ, ಗಟ್ಟಿಯಾಗಿ ಮೀಟಿದ್ರೆ ಒಡೆಯುತ್ತೆ. ಯಾವ ಬಟನ್ನೂ ಒತ್ತಲಿಲ್ಲ." ಅದು ಚಾಂಪ್ ಅಲ್ಲ, ವಾಕ್ಸೂ ಅಲ್ಲ. ಸ್ವಲ್ಪ ಮೂಗಿನ ದನಿ, ನಡುಸ್ಥಾಯಿ ಮುಂದೆ. ನನಗೆ ಬಹಳ ಇಷ್ಟವಾಯಿತು.

ಈಗಿನ ಕಾಲಕ್ಕೆ ಇದೆಲ್ಲ ಯಾಕೆ, ಗಿಟಾರಿನ ಡಿಜಿಟಲ್ ಪ್ರೊಸೆಸರಿನಲ್ಲಿ ನೂರು ಆಂಪಿನ ಸದ್ದು ಬರುತ್ತದಲ್ಲ ಅನ್ನುವವರಿದ್ದಾರೆ. ಬರುತ್ತದೆ, ಒಪ್ಪುತ್ತೇನೆ. ಆರ್ಕೆಸ್ಟ್ರಾದವರಿಗೆ ಬಸ್ಸಿನಲ್ಲಿ ಹೊತ್ತೊಯ್ಯಲು ಅದೇ ಅನುಕೂಲ. ಆದರೆ ಆ ಪ್ರೊಸೆಸರು ಅನುಕರಿಸುತ್ತಿರುವುದು ಇದೇ ಬಾಸ್‌ಮನ್, ಇದೇ ಜೆಟಿಎಂ45, ಇದೇ ಎಸಿ30. ಅದರ ಐಸಿ ಸುಟ್ಟರೆ ಎಷ್ಟೋ ಸಲ ಎಸೆಯುವುದೇ ದಾರಿ. ವಾಲ್ವ್ ಆಂಪು ಅರವತ್ತು ವರ್ಷವಾದರೂ ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರ್ ಇದ್ದರೆ ಮತ್ತೆ ಉಸಿರಾಡುತ್ತದೆ. ಅಮೆರಿಕದ ಆಂಪನ್ನೇ ತರಿಸುತ್ತೇನೆ ಅನ್ನುವವರಿಗೆ ಒಂದು ತಿಳಿದಿರಲಿ. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಸ್ಟೆಪ್ ಡೌನ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಬರೀ 60 ಹರ್ಟ್ಸಿಗೆ ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಜಾಸ್ತಿ ಕಾಯುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಂತೂ ಕೇಳುವುದೇ ಬೇಡ.

ಐಟಿಐ, ಪಾಲಿಟೆಕ್ನಿಕ್ ಗುರುಗಳಲ್ಲಿ ನನ್ನದೊಂದು ಬೇಡಿಕೆ. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದುವ ಮಕ್ಕಳಿಗೆ ವರ್ಷಕ್ಕೆ ಒಂದಾದರೂ ವಾಲ್ವ್ ಆಂಪು ಕಟ್ಟಿಸಿ. ಬೋರ್ಡಿನ ಮೇಲೆ ಕಣ್ಣಿಗೆ ಕಾಣದ ಚಿಪ್ಪಿಗಿಂತ, ಸಿಗ್ನಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದಾದ ಸರ್ಕ್ಯೂಟು ಅದು. ಕಲಿಸಲು ಯಾರಿಲ್ಲ ಅಂದರೆ ನಾನು ಬರುತ್ತೇನೆ. ಕೂಲಿ ಬೇಡ. ನನ್ನಂಥವರು ರಾಯಚೂರು, ಕೊಪ್ಪಳದಲ್ಲೂ ಇನ್ನೂ ಇದ್ದಾರೆ, ಅವರನ್ನೂ ಕರೆಯಿರಿ. ನಮ್ಮ ಕೈ ನಡುಗುವ ಮೊದಲು ಕರೆಯಿರಿ.

ಇದನ್ನು ಓದಿ ಹುಮ್ಮಸ್ಸಿನಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಈ ಪೆಟ್ಟಿಗೆಗಳಲ್ಲಿ 300 ವೋಲ್ಟಿಗೂ ಮೇಲೆ ಡಿಸಿ ಇರುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್ ಹಿಡಿದಿಟ್ಟುಕೊಂಡಿರುತ್ತದೆ. ರೆಸಿಸ್ಟೆನ್ಸ್ ಹಾಕಿ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕೆಲವು ಹಳೆ ರೇಡಿಯೊಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ವಾಲ್ವಿನ ನಂಬರು ಯು ಅಕ್ಷರದಿಂದ ಶುರುವಾಗುತ್ತದೆ: ಯುಎಲ್84, ಯುವೈ85, ಯುಸಿಎಚ್81 ಹೀಗೆ. ಅಂಥ ಸೆಟ್ಟಿನ ಚಾಸಿಗೆ ನೇರವಾಗಿ ಮೇನ್ಸ್ ಬಂದಿರುತ್ತದೆ. ಗಿಟಾರಿನ ತಂತಿ ಕೇಬಲ್ ಮೂಲಕ ಚಾಸಿಗೇ ಸೇರುತ್ತದೆ. ನುಡಿಸುವವನ ಬೆರಳು ಆ ತಂತಿಯ ಮೇಲೆ, ತುಟಿ ಮೈಕಿನ ಹತ್ತಿರ. ಪ್ಲಗ್ಗು ತಿರುವುಮುರುವಾಗಿ ಕೂತರೆ ಪ್ರಾಣ ಹೋಗುತ್ತದೆ. ಅಂಥ ಸೆಟ್ಟನ್ನು ಯಾವ ಕಾರಣಕ್ಕೂ ಗಿಟಾರಿಗೆ ತಿರುಗಿಸಬೇಡಿ. ಉಳಿದ ಯಾವುದೇ ಆಂಪಿಗೂ ಮೂರು ಪಿನ್ನಿನ ಪ್ಲಗ್ ಹಾಕಿ, ಚಾಸಿಯನ್ನು ಅರ್ತ್‌ಗೆ ಬಿಗಿಯಿರಿ.

ಇನ್ನು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸುವವರಿಗೆ. ಧೂಳು ಒರೆಸಿದ ಕೂಡಲೇ ಕರೆಂಟು ಕೊಟ್ಟು ನೋಡಬೇಡಿ. ವರ್ಷಗಟ್ಟಲೆ ಸುಮ್ನೆ ಕೂತ ಕಂಡೆನ್ಸರ್ ಶಾರ್ಟ್ ಆಗಿ ಒಳ್ಳೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟು ಹಾಕುತ್ತದೆ. ಹತ್ತಿರದ ಮೆಕ್ಯಾನಿಕ್ ಹತ್ತಿರ ಒಯ್ದು 100 ವ್ಯಾಟಿನ ಹಳೆ ತಂತಿ ಬಲ್ಬನ್ನು (ಎಲ್ಇಡಿ ಅಲ್ಲ) ಸೀರೀಸಿನಲ್ಲಿ ಹಾಕಿಸಿ ನೋಡಿ. ಬಲ್ಬು ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ. ಒಮ್ಮೆ ಮಿಂಚಿ ಮಂಕಾದರೆ ಮುಂದಿನ ಕೆಲಸ ಶುರು ಮಾಡಬಹುದು. ವಾಲ್ವುಗಳನ್ನು ಬಿಚ್ಚಿ, ಒಂದೊಂದನ್ನೂ ಹಳೆ ಪೇಪರಿನಲ್ಲಿ ಸುತ್ತಿ, ಯಾವ ಬೇಸಿನಿಂದ (ಸಾಕೆಟ್ಟಿನಿಂದ) ತೆಗೆದದ್ದು ಅಂತ ಬರೆದಿಡಿ. ಗಾಜಿನ ಮೇಲಿನ ನಂಬರನ್ನು ಬಟ್ಟೆಯಿಂದ ಉಜ್ಜಬೇಡಿ, ಅಳಿಸಿಹೋಗುತ್ತದೆ.

— ಒಬ್ಬ ರೇಡಿಯೊ ಮೆಕ್ಯಾನಿಕ್,
ಕೌಲ್ ಬಜಾರ್, ಬಳ್ಳಾರಿ